ಕಾರಿನ ಇಸಿಯು ರೀಮ್ಯಾಪ್: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ ರಸ್ತೆಯ ಗ್ಯಾರೇಜಿನ ಮುಂದೆ ಟೀ ಕುಡಿಯುತ್ತಾ ನಿಂತವರು, ರಾತ್ರಿ ಹೊತ್ತು ಮೆಸೇಜ್ ಹಾಕುವವರು, ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಫೋನ್ ಮಾಡುವವರು ಕೇಳುವುದು ಹೆಚ್ಚುಕಮ್ಮಿ ಇವನ್ನೇ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸಿಕೊಳ್ಳುವಂಥದ್ದು ಕೊನೆಗೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ಅರ್ಥವಾಗುತ್ತದೆ.

## ಶುರುವಿಗೆ

ಅಣ್ಣ, ಈ ರೀಮ್ಯಾಪ್ ಅಂದ್ರೆ ನಿಜಕ್ಕೂ ಏನು ಮಾಡ್ತಾರೆ?

ಎಂಜಿನ್ ನಡೆಸುವ ಕಂಪ್ಯೂಟರಿಗೆ ಇಸಿಯು ಅಂತ ಹೆಸರು. ಅದರೊಳಗೆ ರಾಶಿ ರಾಶಿ ಅಂಕಿಗಳ ಕೋಷ್ಟಕಗಳಿವೆ. ಎಂಜಿನ್ ಇಷ್ಟು ಆರ್‌ಪಿಎಂನಲ್ಲಿದ್ದು ಇಷ್ಟು ಗಾಳಿ ಎಳೆದುಕೊಂಡರೆ ಎಷ್ಟು ಪೆಟ್ರೋಲ್ ಬಿಡಬೇಕು, ಪ್ಲಗ್ ಯಾವಾಗ ಕಿಡಿ ಹೊಡೆಯಬೇಕು, ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಎಷ್ಟು ಒತ್ತಡ ಕೊಡಬೇಕು, ಒಟ್ಟು ಟಾರ್ಕ್ (ತಿರುಗಿಸುವ ಬಲ) ಎಲ್ಲಿಗೆ ನಿಲ್ಲಬೇಕು ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ಈ ಕೋಷ್ಟಕಕ್ಕೇ ಮ್ಯಾಪ್ ಅನ್ನುವುದು. ರೀಮ್ಯಾಪ್ ಮಾಡುವವನು ಆ ಫೈಲನ್ನು ಹೊರಗೆ ತೆಗೆದು, ಅಂಕಿಗಳನ್ನು ತಿದ್ದಿ, ಮತ್ತೆ ಒಳಗೆ ಬರೆಯುತ್ತಾನೆ.

ಕಂಪನಿಯವರು ಯಾಕೆ ಮೊದಲೇ ಜಾಸ್ತಿ ಪವರ್ ಕೊಡಲ್ಲ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಅದೇ ಕಾರು ರಾಜಸ್ಥಾನದ ಬಿಸಿಲಿನಲ್ಲೂ ಓಡಬೇಕು, ಕೆಟ್ಟ ಪೆಟ್ರೋಲ್ ಕುಡಿದೂ ಓಡಬೇಕು, ಸರ್ವಿಸ್ ತಪ್ಪಿಸುವವನ ಕೈಯಲ್ಲೂ ವರ್ಷಗಟ್ಟಲೆ ಬಾಳಬೇಕು, ಹೊಗೆಯ ನಿಯಮವನ್ನೂ ದಾಟಬಾರದು. ಅದಕ್ಕೆಲ್ಲ ಸೇರಿಸಿ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ರೀಮ್ಯಾಪ್ ಅಂದರೆ ಆ ಬಿಟ್ಟ ಜಾಗವನ್ನು ಬಳಸಿಕೊಳ್ಳುವುದು. ಪವರ್ ಪುಕ್ಕಟೆ ಬಂದದ್ದಲ್ಲ, ಅಷ್ಟು ರಕ್ಷಣೆ ಕಮ್ಮಿಯಾಯಿತು ಅಂತ ಲೆಕ್ಕ.

ಫಿಲ್ಟರ್ ಚೇಂಜ್ ಮಾಡಿದೀನಿ, ಸೈಲೆನ್ಸರೂ ಹಾಕ್ಸಿದೀನಿ. ಈಗ ರೀಮ್ಯಾಪ್ ಮಾಡಿಸ್ಲೇಬೇಕಾ?

ಹಳೆ ಡಬ್ಬದೊಳಗೇ ಕೂರುವ ಏರ್ ಫಿಲ್ಟರ್, ಹಿಂದಿನ ಸೈಲೆನ್ಸರ್ ಮಾತ್ರ ಬದಲಾಗಿದ್ದರೆ ಬೇಡ. ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಪೆಟ್ರೋಲನ್ನು ಸ್ವಲ್ಪ ಹೆಚ್ಚುಕಮ್ಮಿ ಮಾಡಿಕೊಳ್ಳುತ್ತದೆ. ಇದಕ್ಕೆ ಫ್ಯುಯೆಲ್ ಟ್ರಿಮ್ ಅನ್ನುತ್ತಾರೆ. ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಟ್ರಿಮ್ ಶೇ. 10ರ ಒಳಗೆ ಇದ್ದರೆ ಚಿಂತೆ ಇಲ್ಲ.

ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಕೂರುವ ಕೊಳವೆಯ ಅಗಲ ಬದಲಾಗಿದ್ದರೆ ಕಥೆ ಬೇರೆ. ಆಗ ಸೆನ್ಸರ್ ಹೇಳುವುದೇ ಸುಳ್ಳಾಗುತ್ತದೆ. ಇಂಧನ ಚಿಮ್ಮುವ ಇಂಜೆಕ್ಟರ್ ಹೊಸದಾಗಿದ್ದರೆ, ಬೇರೆ ಟರ್ಬೊ, ಕವಾಟ ತೆರೆದು ಮುಚ್ಚಿಸುವ ಬೇರೆ ಕ್ಯಾಮ್ ಶಾಫ್ಟ್ ಹಾಕಿದ್ದರೆ ರೀಮ್ಯಾಪ್ ಬೇಕೇ ಬೇಕು. ಅದಿಲ್ಲದೆ ಕಾರನ್ನು ಗ್ಯಾರೇಜಿನಿಂದ ಹೊರಗೆ ತರುವುದೇ ತಪ್ಪು.

ಎಷ್ಟು ಪವರ್ ಜಾಸ್ತಿ ಆಗುತ್ತೆ, ಸುಳ್ಳು ಹೇಳ್ದೆ ಹೇಳಿ

ಟರ್ಬೊ ಇದ್ದರೆ ಸಾಮಾನ್ಯವಾಗಿ ಶೇ. 20ರಿಂದ 30. ಟರ್ಬೊ ಇಲ್ಲದ ಪೆಟ್ರೋಲ್ ಕಾರಿಗೆ ಶೇ. 5ರಿಂದ 10, ಅದೂ ಚೆನ್ನಾಗಿ ಮಾಡಿದರೆ. ಟರ್ಬೊ ಇಲ್ಲದ ಎಂಜಿನ್ನಿಗೆ ಹೊರಗಿನ ಗಾಳಿಯ ಒತ್ತಡ ಬಿಟ್ಟರೆ ಬೇರೆ ದಾರಿ ಇಲ್ಲ, ಸಾಫ್ಟ್‌ವೇರ್ ಗಾಳಿಯನ್ನು ಹುಟ್ಟಿಸುವುದಿಲ್ಲ. ಅಂಥ ಕಾರಿಗೆ ದುಡ್ಡು ಹಾಕುವ ಬದಲು ಒಳ್ಳೆ ಟೈರ್, ಬ್ರೇಕ್ ಪ್ಯಾಡ್ ಹಾಕಿಸಿ ಅಂತಲೇ ನಾನು ಹೇಳುವುದು. ಘಾಟಿಯಲ್ಲಿ ಅವೇ ನಿಮ್ಮನ್ನು ಬೇಗ ಮುಟ್ಟಿಸುತ್ತವೆ.

ಇನ್ನೊಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. ಸ್ವಿಫ್ಟಿನ 1.3 ಡೀಸೆಲ್ 75 ಪಿಎಸ್, ಅದೇ ಎಂಜಿನ್ ಸಿಯಾಝಿನಲ್ಲಿ 90 ಪಿಎಸ್, ಅಂದಮೇಲೆ ವ್ಯತ್ಯಾಸ ಬರೀ ಸಾಫ್ಟ್‌ವೇರ್ ಅಂತ. ಅಲ್ಲ. 90ರದ್ದಕ್ಕೆ ರೆಕ್ಕೆ ತಿರುಗಿಸಿ ಹೊಂದಿಸಿಕೊಳ್ಳುವ ಬೇರೆಯದೇ ಟರ್ಬೊ ಇದೆ. 75ರದ್ದನ್ನು ರೀಮ್ಯಾಪ್ ಮಾಡಿ ಅಲ್ಲಿಗೆ ಮುಟ್ಟಿಸಬಹುದು, ಆದರೆ ಚಿಕ್ಕ ಟರ್ಬೊ ಆ ಕೆಲಸವನ್ನು ಏದುಸಿರು ಬಿಡುತ್ತಾ ಮಾಡುತ್ತದೆ.

ಸ್ಟೇಜ್ 1, ಸ್ಟೇಜ್ 2 ಅಂತಾರಲ್ಲ, ಏನದು?

ಅದಕ್ಕೆ ಯಾವ ಸರ್ಕಾರಿ ಅಳತೆಯೂ ಇಲ್ಲ, ಅಂಗಡಿಯವರ ಮಾತು. ಬರೀ ಸಾಫ್ಟ್‌ವೇರ್ ಆದರೆ ಸ್ಟೇಜ್ 1. ಗಾಳಿ ಒಳಗೆಳೆಯುವ ಇಂಟೇಕ್, ಟರ್ಬೊದಿಂದ ಹೊಗೆ ಹೊರಡುವ ಡೌನ್‌ಪೈಪ್, ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಸೇರಿದರೆ 2. ಟರ್ಬೊ, ಇಂಜೆಕ್ಟರ್ ಬದಲಾದರೆ 3. ಒಬ್ಬರ 2 ಇನ್ನೊಬ್ಬರ 1 ಆಗಿರಬಹುದು. ಹಾಗಾಗಿ ಏನೇನು ಬದಲಾಯಿತು ಅಂತ ಬರೆಸಿಕೊಳ್ಳಿ.

ಆನ್‌ಲೈನಲ್ಲಿ ಐನೂರು ರೂಪಾಯಿಗೆ ಚಿಪ್ ಸಿಗುತ್ತಲ್ಲ, ಸ್ಟೀರಿಂಗ್ ಕೆಳಗೆ ಚುಚ್ಚಿದ್ರೆ ಆಯ್ತಂತೆ?

ಬಿಚ್ಚಿ ನೋಡಿದವರಿಗೆ ಸಿಕ್ಕಿದ್ದು ಮಿನುಗುವ ಎಲ್‌ಇಡಿ ಮತ್ತು ಅದನ್ನು ಮಿನುಗಿಸಲು ಬೇಕಾದಷ್ಟು ಸರ್ಕ್ಯೂಟ್. ಆ ದುಡ್ಡಿಗೆ ಮೆಣಸಿನಕಾಯಿ ಬಜ್ಜಿ ತಿನ್ನಿ.

ಟ್ಯೂನಿಂಗ್ ಬಾಕ್ಸ್ ಹಾಕಿಸೋದಾ, ರೀಮ್ಯಾಪಾ?

ಬಾಕ್ಸ್ ಇಸಿಯು ಒಳಗೆ ಕೈ ಹಾಕುವುದಿಲ್ಲ. ಸೆನ್ಸರ್ ಮತ್ತು ಇಸಿಯು ನಡುವೆ ಕೂತು ಸುಳ್ಳು ಹೇಳುತ್ತದೆ. ಡೀಸೆಲ್ ಕಾರಿನಲ್ಲಿ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯ (ಇದಕ್ಕೆ ರೈಲ್ ಅನ್ನುತ್ತಾರೆ) ಒತ್ತಡ ಇರುವುದಕ್ಕಿಂತ ಕಮ್ಮಿ ಅಂತ ತೋರಿಸಿದರೆ ಇಸಿಯು ಪಂಪಿಗೆ ಇನ್ನೂ ಒತ್ತು ಅನ್ನುತ್ತದೆ, ಡೀಸೆಲ್ ಜಾಸ್ತಿ ಹೋಗುತ್ತದೆ. ತೆಗೆದರೆ ಕಾರು ಮೊದಲಿನಂತೆ. ಅದೊಂದು ಅನುಕೂಲ. ಆದರೆ ನಿಜವಾದ ಒತ್ತಡ ಎಷ್ಟು ಅಂತ ಇಸಿಯುಗೇ ಗೊತ್ತಿಲ್ಲದ ಮೇಲೆ ಅದು ಎಂಜಿನ್ನನ್ನು ಕಾಪಾಡುವುದಾದರೂ ಹೇಗೆ? ನನ್ನ ಮತ ರೀಮ್ಯಾಪಿಗೆ, ಮಾಡುವವನು ಸರಿ ಇದ್ದರೆ ಮಾತ್ರ.

ಮೈಲೇಜ್ ಜಾಸ್ತಿ ಆಗುತ್ತಂತೆ, ಹೌದಾ?

ಡೀಸೆಲ್ ಕಾರಿನಲ್ಲಿ ಕೆಳಗಿನ ಎಳೆತ ಹೆಚ್ಚಿ, ಗೇರ್ ಇಳಿಸುವುದು ಕಮ್ಮಿಯಾದರೆ ಸ್ವಲ್ಪ ಕಾಣಬಹುದು. ಆದರೆ ಹೊಸ ಪಿಕಪ್ ಸಿಕ್ಕ ಮೇಲೆ ಮೆಲ್ಲಗೆ ಓಡಿಸುವವರು ಯಾರಿದ್ದಾರೆ?

## ಮಾಡಿಸುವ ಮೊದಲು

ನನ್ನ ಕಾರು 90 ಸಾವಿರ ಓಡಿದೆ. ಈಗ ಸ್ವಲ್ಪ ಡಲ್ ಆಗಿದೆ, ರೀಮ್ಯಾಪ್ ಮಾಡಿಸಿದ್ರೆ ಸರಿ ಹೋಗುತ್ತಾ?

ಇಲ್ಲ. ಡಲ್ ಆಗಿದ್ದರೆ ಅದಕ್ಕೊಂದು ಕಾರಣ ಇದೆ, ಮೊದಲು ಅದನ್ನು ಹುಡುಕಿ. ಜ್ವರ ಬಂದವನನ್ನು ಕಬಡ್ಡಿಗೆ ಇಳಿಸಿದ ಹಾಗಾಗುತ್ತದೆ. ಟರ್ಬೊ ಪೈಪ್ ಎಲ್ಲಾದರೂ ಸೀಳಿದೆಯಾ, ಹೊಗೆಯನ್ನು ಮತ್ತೆ ಎಂಜಿನ್ನಿಗೆ ತಿರುಗಿಸುವ ಇಜಿಆರ್ ಕವಾಟ ಮಸಿ ಕಟ್ಟಿದೆಯಾ, ಇಂಜೆಕ್ಟರಿನ ವಾಪಸ್ ಡೀಸೆಲ್ ಜಾಸ್ತಿ ಬರುತ್ತಿದೆಯಾ, ಪೆಟ್ರೋಲ್ ಕಾರಾದರೆ ಪ್ಲಗ್, ಕಾಯಿಲ್, ಕಂಪ್ರೆಷನ್ ಹೇಗಿದೆ ಅಂತ ನೋಡಿಸಿ. ಸ್ಕ್ಯಾನರ್ ಹಾಕಿ ಹಳೆ ಕೋಡುಗಳನ್ನೂ ಓದಿಸಿ. ಅಳಿಸಬೇಡಿ, ಓದಿಸಿ. ಎಷ್ಟೋ ಕಾರುಗಳಿಗೆ ಇಷ್ಟು ಮಾಡಿದಾಗಲೇ ಹಳೆ ಜೋಶ್ ವಾಪಸ್ ಬಂದು, ರೀಮ್ಯಾಪ್ ಮಾತು ಮರೆತೇ ಹೋಗುತ್ತದೆ.

ಎಲ್ಲ ಸರಿ ಇದೆ ಅಂತಾದರೆ 90 ಸಾವಿರ ಅಡ್ಡಿಯಲ್ಲ. ಆಯಿಲ್ ಮಾತ್ರ ಕಂಪನಿ ಹೇಳಿದ ದರ್ಜೆಯದ್ದನ್ನೇ, ಇನ್ನೂ ಬೇಗ ಬೇಗ ಬದಲಾಯಿಸಬೇಕು.

ಕ್ಲಚ್, ಗೇರ್‌ಬಾಕ್ಸ್ ತಡ್ಕೊಳುತ್ತಾ?

ಎಂಜಿನ್ನಿಗಿಂತ ಮೊದಲು ಕೈ ಎತ್ತುವುದು ಕ್ಲಚ್ಚೇ. ನಾಲ್ಕನೇ ಗೇರಿನಲ್ಲಿ ಒತ್ತಿದಾಗ ಆರ್‌ಪಿಎಂ ಮುಳ್ಳು ಜಿಗಿದು, ವೇಗ ಅಲ್ಲೇ ಇದ್ದರೆ ಕ್ಲಚ್ ಜಾರುತ್ತಿದೆ ಅಂತ. ಹುಲಿಕಲ್ ಘಾಟಿ ಹತ್ತುವಾಗ ಸುಟ್ಟ ವಾಸನೆ ಬಂದರೆ ಇನ್ನು ಪರೀಕ್ಷೆ ಬೇಕಿಲ್ಲ.

ಆಟೊಮ್ಯಾಟಿಕ್ ಕಾರಿನವರು ಗೇರ್‌ಬಾಕ್ಸಿನ ಮಿತಿ ತಿಳಿದುಕೊಂಡೇ ಮುಂದುವರಿಯಬೇಕು. ಪೋಲೊ ಜಿಟಿ ಟಿಎಸ್‌ಐ 1.2ರಲ್ಲಿ ಇರುವ ಏಳು ಗೇರಿನ ಡಿಕ್ಯೂ200 ಬಾಕ್ಸಿಗೆ ತಯಾರಕರೇ ಇಟ್ಟ ಮಿತಿ 250 ನ್ಯೂಟನ್ ಮೀಟರ್. ಎಂಜಿನ್ ಮೊದಲಿಗೆ ಕೊಡುವುದು 175. ನಡುವೆ ಜಾಗ ಕಾಣುತ್ತದೆ ನಿಜ, ಆದರೆ ಒಣ ಕ್ಲಚ್ಚಿನ ಆ ಬಾಕ್ಸು ಟ್ರಾಫಿಕ್ಕಿನಲ್ಲಿ ತೆವಳಿ ತೆವಳಿ ಮೊದಲೇ ಬಿಸಿಯಾಗಿರುತ್ತದೆ. ಟ್ಯೂನರ್ ಹತ್ತಿರ ‘ಎಷ್ಟು ಹಾರ್ಸ್‌ಪವರ್’ ಅಂತ ಕೇಳುವ ಮೊದಲು ‘ಟಾರ್ಕ್ ಎಲ್ಲಿಗೆ ನಿಲ್ಲಿಸುತ್ತೀರಿ’ ಅಂತ ಕೇಳಿ. ಉತ್ತರ ತಡವರಿಸಿದರೆ ಟೀ ಕುಡಿದು ಎದ್ದು ಬನ್ನಿ.

ಫೈಲ್ ಬರೆಯುವಾಗ ಕರೆಂಟ್ ಹೋದ್ರೆ ಇಸಿಯು ಸತ್ತು ಹೋಗುತ್ತಂತೆ. ನಿಜಾನಾ?

ನಮ್ಮ ಕಡೆ ಕೇಳಲೇಬೇಕಾದ ಪ್ರಶ್ನೆ. ಜುಲೈನಲ್ಲಿ ಗಾಳಿಗೊಂದು ಕೊಂಬೆ ಲೈನ್ ಮೇಲೆ ಬಿದ್ದರೆ ಸಂಜೆವರೆಗೂ ಕರೆಂಟಿಲ್ಲ.

ಬರೆಯುವಾಗ ಎಂಜಿನ್ ಆಫ್, ಇಗ್ನಿಷನ್ ಆನ್. ಫ್ಯಾನ್, ಪಂಪ್, ಡ್ಯಾಶ್‌ಬೋರ್ಡ್ ಎಲ್ಲ ಬ್ಯಾಟರಿಯನ್ನೇ ಹೀರುತ್ತಿರುತ್ತವೆ. ಕೆಲಸ ಕೆಲವು ನಿಮಿಷವೂ ಆಗಬಹುದು, ಅರ್ಧ ಗಂಟೆಯೂ ಆಗಬಹುದು. ಮಧ್ಯದಲ್ಲಿ ವೋಲ್ಟೇಜ್ ಕುಸಿದರೆ ಅರ್ಧ ಬರೆದ ಫೈಲ್ ಉಳಿದು ಕಾರು ಸ್ಟಾರ್ಟ್ ಆಗುವುದಿಲ್ಲ. ಅದಕ್ಕೆ ಬ್ಯಾಟರಿಗೆ ಒಂದೇ ಸಮ 13 ವೋಲ್ಟಿಗಿಂತ ಮೇಲೆ ಕೊಡುವ ಪವರ್ ಸಪ್ಲೈ ಕಟ್ಟಿರಬೇಕು. ಅಗ್ಗದ ಚಾರ್ಜರ್ ಸಾಲದು. ಕರೆಂಟ್ ಹೋದರೂ ಕೆಲಸ ಮುಗಿಯುವಷ್ಟು ಕಾರಿನ ಬ್ಯಾಟರಿ ಗಟ್ಟಿ ಇರಬೇಕು, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಬೇಕು. ಹೆಡ್‌ಲೈಟ್, ಎಸಿ, ಮ್ಯೂಸಿಕ್ ಸಿಸ್ಟಂ ಆಫ್. ಬಾಗಿಲು ತೆಗೆದು ಹಾಕಿ ಮಾಡಬೇಡಿ.

ಸತ್ತರೂ ಬಹಳಷ್ಟು ಇಸಿಯುಗಳನ್ನು ಬಿಚ್ಚಿ, ಮೇಜಿನ ಮೇಲಿಟ್ಟು, ನೇರ ತಂತಿ ಕೊಟ್ಟು ಮತ್ತೆ ಬದುಕಿಸಬಹುದು. ಆದರೆ ನಿಮ್ಮ ಮೂಲ ಫೈಲ್ ಇರಬೇಕು. ಮೊದಲು ಓದಿಸಿ, ಆ ಫೈಲಿನ ಒಂದು ನಕಲನ್ನು ನಿಮ್ಮ ಪೆನ್‌ಡ್ರೈವಿಗೆ ಹಾಕಿಸಿಕೊಂಡ ಮೇಲೇ ಹೊಸದನ್ನು ಬರೆಯಲು ಬಿಡಿ. ಕೊಡಲ್ಲ ಅನ್ನುವವರ ಹತ್ತಿರ ಕೆಲಸ ಬೇಡ.

## ಘಾಟಿ, ಮಳೆ, ಬಂಕ್

ಬೆಂಗಳೂರಲ್ಲಿ ಡೈನೋ ಮೇಲೆ ಮಾಡಿಸಿದ ಟ್ಯೂನ್ ನಮ್ಮ ಘಾಟಿಗೆ ಸರಿ ಬರುತ್ತಾ?

ಬರಬಹುದು, ಆದರೆ ನೋಡಿಯೇ ಹೇಳಬೇಕು. (ಡೈನೋ ಅಂದರೆ ಕಾರನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ.) ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಶಿವಮೊಗ್ಗ ಸುಮಾರು 570. ಆಗುಂಬೆ ಇಳಿದು ಉಡುಪಿಗೆ ಹೋದರೆ ಸಮುದ್ರವೇ. ಬೆಂಗಳೂರಿಗಿಂತ ಕರಾವಳಿಯಲ್ಲಿ ಗಾಳಿಯ ಒತ್ತಡ ಸುಮಾರು ಶೇ. 10 ಜಾಸ್ತಿ. ಅತ್ತ ಮುಳ್ಳಯ್ಯನಗಿರಿ 1,930 ಮೀಟರ್. ಟರ್ಬೊ ಇಲ್ಲದ ಕಾರು ಅಲ್ಲಿ ಐದರಲ್ಲೊಂದು ಪಾಲು ಶಕ್ತಿ ಕಳೆದುಕೊಂಡಿರುತ್ತದೆ. ಟರ್ಬೊ ಕಾರಿಗೆ ಅಷ್ಟು ಗೊತ್ತಾಗುವುದಿಲ್ಲ, ಯಾಕೆಂದರೆ ತೆಳು ಗಾಳಿಯನ್ನು ಅದೇ ಒತ್ತಡಕ್ಕೆ ತರಲು ಟರ್ಬೊ ಇನ್ನೂ ಜೋರಾಗಿ ತಿರುಗುತ್ತದೆ. ಮೊದಲೇ ಕೊನೆಯ ಮಿತಿಗೆ ಟ್ಯೂನ್ ಮಾಡಿದ್ದರೆ ಬೆಟ್ಟದ ಮೇಲೆ ಅದರ ವೇಗ ಮಿತಿ ಮೀರಬಹುದು. ಕಂಪನಿ ಫೈಲಿನಲ್ಲಿ ಎತ್ತರಕ್ಕೆ ತಕ್ಕಂತೆ ಒತ್ತಡ ತಗ್ಗಿಸುವ ಕೋಷ್ಟಕ ಇರುತ್ತದೆ. ಅದನ್ನು ಮುಟ್ಟಬೇಡಿ ಅಂತ ಮೊದಲೇ ಹೇಳಿಬಿಡಿ.

ನಿಜವಾದ ತೊಂದರೆ ಎತ್ತರದ್ದಲ್ಲ, ಬಿಸಿಯದ್ದು. ಡೈನೋ ಮೇಲೆ ಒಂದು ಓಟ ಕೆಲವೇ ಸೆಕೆಂಡು, ಎದುರಿಗೆ ದೊಡ್ಡ ಫ್ಯಾನ್. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು. ಎರಡನೇ ಗೇರು, ಮುಂದೊಂದು ಬಸ್ಸು, ವೇಗ 20-25, ಎಂಜಿನ್ ಮೇಲೆ ಪೂರ್ತಿ ಭಾರ. ರೇಡಿಯೇಟರಿಗೂ ಇಂಟರ್‌ಕೂಲರಿಗೂ ಗಾಳಿಯೇ ಸಿಗದು. ಪ್ರತಿ ತಿರುವಿನಲ್ಲೂ ಒಳಗೆ ಹೋಗುವ ಗಾಳಿಯ ಬಿಸಿ ಇನ್ನಷ್ಟು ಏರುತ್ತದೆ. ಬೆಂಗಳೂರಿನಲ್ಲಿ ನಾಕಿಂಗ್ (ಸಿಲಿಂಡರಿನೊಳಗೆ ಮಿಶ್ರಣ ತಾನಾಗಿ ಸಿಡಿದು ಬಡಿಯುವುದು) ಇಲ್ಲದ ಕಾರು ಹತ್ತನೇ ತಿರುವಿಗೆ ನಾಕ್ ಮಾಡಬಹುದು. ಹಾಗಾಗಿ ಡೈನೋ ಆದ ಮೇಲೆ ಒಂದು ಲಾಗ್ (ಓಡುವಾಗ ಸೆನ್ಸರುಗಳು ಕೊಡುವ ಅಂಕಿಗಳ ದಾಖಲೆ) ಘಾಟಿಯಲ್ಲೇ ಮಾಡಿ ಟ್ಯೂನರಿಗೆ ಕಳಿಸಿ. ಬೆಳಗ್ಗೆ ಬೇಗ, ವಾಹನ ಕಮ್ಮಿ ಇರುವಾಗ, ಸಾಮಾನ್ಯ ವೇಗದಲ್ಲಿ. ಲ್ಯಾಪ್‌ಟಾಪ್ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲಿ.

ನಮ್ಮೂರ ಬಂಕಲ್ಲಿ ಪ್ರೀಮಿಯಂ ಪೆಟ್ರೋಲ್ ಸಿಗಲ್ಲ. ಈಗ ಇ20 ಬೇರೆ. ಏನ್ ಮಾಡೋದು?

ನೀವು ಹಾಕಿಸುವ ಅತಿ ಕಳಪೆ ಪೆಟ್ರೋಲಿಗೆ ಟ್ಯೂನ್ ಮಾಡಿಸಿ, ಅತಿ ಒಳ್ಳೆಯದಕ್ಕಲ್ಲ. ಶಿವಮೊಗ್ಗದಲ್ಲಿ ಪ್ರೀಮಿಯಂ ತುಂಬಿಸಿಕೊಂಡು ಹೊರಟವರು ನಿಟ್ಟೂರಿನ ಹತ್ತಿರ ಟ್ಯಾಂಕ್ ಖಾಲಿಯಾದರೆ ಸಿಕ್ಕಿದ್ದನ್ನೇ ಹಾಕಿಸಬೇಕು. ನಾಕ್ ಸೆನ್ಸರ್ ಕಿಡಿಯ ಸಮಯ ಹಿಂದೆ ತಳ್ಳಿ, ಅಂದರೆ ತಡ ಮಾಡಿ, ಕಾಪಾಡುತ್ತದೆ, ಸರಿ. ಆದರೆ ಅದು ಆಪತ್ತಿಗೆ ಇಟ್ಟದ್ದು, ದಿನಾ ಅದರ ಮೇಲೇ ಓಡಿಸುವುದಕ್ಕಲ್ಲ.

ಇ20 ಬಗ್ಗೆ ಭಯಕ್ಕಿಂತ ಲೆಕ್ಕ ಮುಖ್ಯ. ಬರೀ ಪೆಟ್ರೋಲ್ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಶೇ. 20 ಎಥೆನಾಲ್ ಬೆರೆತದ್ದಕ್ಕೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬಿಡಬೇಕು. ಮಾಮೂಲಿ ಓಡಾಟದಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನು ಸರಿದೂಗಿಸುತ್ತದೆ. ಪೂರ್ತಿ ಒತ್ತಿದಾಗ ಹಲವು ಕಾರುಗಳ ಇಸಿಯು ಸೆನ್ಸರನ್ನು ಪಕ್ಕಕ್ಕಿಟ್ಟು ಕೋಷ್ಟಕದ ಮೇಲೇ ನಡೆಯುತ್ತದೆ. ಇ10 ಇದ್ದ ಕಾಲದಲ್ಲಿ ಮಾಡಿಸಿದ ಬಿಗಿ ಟ್ಯೂನ್ ಆಗಿದ್ದರೆ ಅಲ್ಲಿ ಮಿಶ್ರಣ ತೆಳುವಾಗಿರಬಹುದು. ಮತ್ತೊಮ್ಮೆ ಲಾಗ್ ನೋಡಿಸುವುದು ಒಳ್ಳೆಯದು. ಎಥೆನಾಲಿನಿಂದ ಒಂದು ಲಾಭವೂ ಇದೆ, ನಾಕಿಂಗ್ ತಡೆಯುವ ಗುಣ ಅದಕ್ಕೆ ಜಾಸ್ತಿ. ಆದರೆ ನೀರು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತೋಟದ ಮನೆಯ ಶೆಡ್ಡಿನಲ್ಲಿ ವಾರಗಟ್ಟಲೆ ಕಾರು ನಿಲ್ಲಿಸುವವರು ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ.

ಕೋನ್ ಫಿಲ್ಟರ್ ಹಾಕಿಸಿದೀನಿ, ಮಳೆಗಾಲಕ್ಕೆ ಏನಾದ್ರೂ ತೊಂದ್ರೆನಾ?

ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಆಗುಂಬೆ ಪಕ್ಕದಲ್ಲಿ ಇದ್ದುಕೊಂಡು ಬಂಪರ್ ಒಳಗೆ ಫಿಲ್ಟರ್ ಇಳಿಸಬೇಡಿ. ರಸ್ತೆ ಮೇಲೆ ನಿಂತ ನೀರಿನಲ್ಲಿ ಒಮ್ಮೆ ಎಳೆದುಕೊಂಡರೆ ಸಿಲಿಂಡರ್ ಒಳಗೆ ನೀರು. ನೀರು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಪಕ್ಕದಲ್ಲೇ ತೆರೆದಿಟ್ಟ ಕೋನ್ ಆದರೆ ನೀರಿನ ಭಯ ಕಮ್ಮಿ, ಆದರೆ ಅದು ಕುಡಿಯುವುದು ಬಾನೆಟ್ ಒಳಗಿನ ಬಿಸಿ ಗಾಳಿ. ಶಬ್ದ ಬರುತ್ತದೆ, ಪವರ್ ಬರುವುದಿಲ್ಲ. ಎಣ್ಣೆ ಹಚ್ಚುವ ಕಾಟನ್ ಫಿಲ್ಟರಿಗೆ ಎಣ್ಣೆ ಜಾಸ್ತಿಯಾದರೆ ಅದು ಏರ್‌ಫ್ಲೋ ಸೆನ್ಸರಿನ ತಂತಿಗೆ ಅಂಟಿ ಅಳತೆ ಕೆಡುತ್ತದೆ. ಮೂಲ ಡಬ್ಬವೇ ಇರಲಿ ಅನ್ನುವುದು ನನ್ನ ಹಠ.

ಗಾಡಿ ಬಿಟ್ಟಾಗ ಪಟ ಪಟ ಅಂತ ಪಟಾಕಿ ಹೊಡಿಬೇಕು, ಹಾಗೆ ಮಾಡಿಸ್ಬಹುದಾ?

ಕಾಲು ತೆಗೆದ ಕೂಡಲೇ ಇಸಿಯು ಇಂಧನ ನಿಲ್ಲಿಸುತ್ತದೆ. ಇಳಿಜಾರಿನಲ್ಲಿ ಎಂಜಿನ್ ಕಾರನ್ನು ಹಿಡಿದಿಡುವುದರಲ್ಲಿ ಇದರ ಪಾಲೂ ಇದೆ. ಪಟಾಕಿ ಶಬ್ದ ಬರಿಸಲು ಆ ನಿಲುಗಡೆಯನ್ನು ತೆಗೆದು, ಪೆಟ್ರೋಲ್ ಬಿಟ್ಟು, ಕಿಡಿಯನ್ನು ಬೇಕಂತಲೇ ತಡ ಮಾಡುತ್ತಾರೆ. ಪೆಟ್ರೋಲ್ ಸೈಲೆನ್ಸರ್ ಪೈಪಿನಲ್ಲಿ ಉರಿಯುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ, ಟರ್ಬೊಗೂ ಏಟು. ಎಲ್ಲಕ್ಕಿಂತ ಹೆಚ್ಚಾಗಿ ಆಗುಂಬೆ ಇಳಿಯುವಾಗ ಎಂಜಿನ್ ಬ್ರೇಕಿಂಗ್ ಕಮ್ಮಿಯಾಗಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಮನೆ ಮುಂದೆ ಗಣಪತಿ ಹಬ್ಬಕ್ಕೆ ಪಟಾಕಿ ಹೊಡೆಯಿರಿ, ಕಾರಿನಲ್ಲಿ ಬೇಡ.

ಥಾರ್‌ಗೆ ದೊಡ್ಡ ಟೈರ್ ಹಾಕಿದ ಮೇಲೆ ಎಳೆಯೋದೇ ಇಲ್ಲ. ರೀಮ್ಯಾಪ್ ಪರಿಹಾರನಾ?

ಟೈರಿನ ಸುತ್ತಳತೆ ಹೆಚ್ಚಿದರೆ ಎಲ್ಲ ಗೇರುಗಳೂ ಉದ್ದವಾದ ಹಾಗೆ. ಜೊತೆಗೆ ತೂಕವೂ ಜಾಸ್ತಿ. ರೀಮ್ಯಾಪ್ ಆ ಕೊರತೆಯನ್ನು ಮುಚ್ಚುತ್ತದೆ, ಸರಿ ಮಾಡುವುದಿಲ್ಲ. ಸರಿಯಾದ ಪರಿಹಾರ ಆಕ್ಸಲಿನ ಗೇರ್ ಅನುಪಾತ ಬದಲಿಸುವುದು, ಅದು ದುಬಾರಿ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸುತ್ತಿರುತ್ತದೆ ಅನ್ನುವುದೂ ನೆನಪಿರಲಿ. ಕಾಡು ದಾರಿಗೆ ಒಂದು ಅಳತೆ ದೊಡ್ಡ ಟೈರ್ ಸಾಕು, ಫೋಟೋಗೆ ಬೇಕಾದರೆ ಬೇರೆ ಮಾತು.

ಅಡಿಕೆ ಮೂಟೆ ಹೊರೋ ಪಿಕಪ್‌ಗೆ ಮಾಡಿಸ್ಬಹುದಾ, ಸಾರ್?

ಬೇಡ. ಖಾಲಿ ಕಾರು ಪೂರ್ತಿ ಪವರ್ ಕೇಳುವುದು ಕೆಲವು ಸೆಕೆಂಡು. ಲೋಡ್ ಹೊತ್ತ ಗಾಡಿ ಘಾಟಿಯುದ್ದಕ್ಕೂ ಕೇಳುತ್ತದೆ. ಡೀಸೆಲ್ ಜಾಸ್ತಿ ಬಿಟ್ಟಷ್ಟೂ ಸೈಲೆನ್ಸರಿಗೆ ಹೋಗುವ ಗಾಳಿಯ ಬಿಸಿ ಏರುತ್ತಲೇ ಇರುತ್ತದೆ, ಟರ್ಬೊ ಮತ್ತು ಪಿಸ್ಟನ್ ಅದನ್ನು ತಿನ್ನಬೇಕು. ದುಡಿಯುವ ಗಾಡಿ ಕೆಟ್ಟು ನಿಂತ ಒಂದು ವಾರದ ನಷ್ಟವನ್ನೂ ಲೆಕ್ಕ ಹಾಕಿ.

## ಕಾನೂನು, ವಾರಂಟಿ

ಆರ್‌ಟಿಒದವರು ಹಿಡೀತಾರಾ? ಸಾಫ್ಟ್‌ವೇರ್ ಕಾಣಲ್ಲ ಅಲ್ವಾ?

ಕಾಣದಿದ್ದರೂ ಕಾನೂನು ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೂ ನೋಂದಣಿ ಪತ್ರಕ್ಕೂ ಹೊಂದದ ಹಾಗೆ ಮಾಲೀಕ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂನಲ್ಲಿ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಶಬ್ದ, ಹೊಗೆಯ ಮಿತಿ ಮೀರಿದರೆ 190(2)ರಲ್ಲಿ 10,000 ರೂಪಾಯಿವರೆಗೆ ದಂಡ ಬೇರೆ. ರಸ್ತೆಯಲ್ಲಿ ಮೊದಲು ಸಿಕ್ಕಿಬೀಳುವುದು ಸೈಲೆನ್ಸರಿನ ಶಬ್ದದಿಂದಲೇ. ಪವರ್ ಬೇಕು ಅನ್ನುವವರು ರೇಸ್ ಟ್ರ್ಯಾಕಿಗೆ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ರ್‍ಯಾಲಿಗೆ ಅಂತಲೇ ಕಾರು ತಯಾರು ಮಾಡಿದರೆ ಈ ತಲೆನೋವು ಇಲ್ಲ.

ಡಿಪಿಎಫ್ ತೆಗೆಸಿ ಸಾಫ್ಟ್‌ವೇರಲ್ಲಿ ಆಫ್ ಮಾಡಿಸಿದ್ರೆ ಗಾಡಿ ಹಗುರ ಆಗುತ್ತಂತೆ?

2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿದು ಸುಡುವ ಈ ಫಿಲ್ಟರ್ ಇರುತ್ತದೆ. ತೆಗೆಯುವುದು ಕಾನೂನಿಗೆ ವಿರುದ್ಧ. ಪೇಟೆಯೊಳಗೇ ಸುತ್ತುವವರ ಡಿಪಿಎಫ್ ಕಟ್ಟಿಕೊಳ್ಳುವುದು ಅದು ಸುಟ್ಟುಕೊಳ್ಳುವಷ್ಟು ಬಿಸಿ ಆಗದ ಕಾರಣಕ್ಕೆ. ಲೈಟ್ ಬಂದ ಕೂಡಲೇ ಸವಳಂಗ ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಶೋರೂಮಿಗೆ ಹೋಗೋ ಮೊದಲು ಹಳೆ ಫೈಲ್ ಹಾಕಿದ್ರೆ ಗೊತ್ತಾಗಲ್ಲ ಅಲ್ವಾ?

ಗೊತ್ತಾಗಬಹುದು. ಎಷ್ಟು ಸಲ ಬರೆಯಲಾಗಿದೆ ಅಂತ ಹಲವು ಇಸಿಯುಗಳು ಎಣಿಸಿಟ್ಟಿರುತ್ತವೆ. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಕಂಪನಿ ಸರ್ವರಿಗೆ ಸಿಕ್ಕಿಬಿದ್ದ ಕಾರಿಗೆ ‘ಟಿಡಿ1’ ಅನ್ನುವ ಗುರುತು ಬೀಳುತ್ತದೆ. ಆಮೇಲೆ ಎಂಜಿನ್, ಗೇರ್‌ಬಾಕ್ಸ್ ವಾರಂಟಿ ಸಿಗುವುದು ಕಷ್ಟ. ಸರ್ವಿಸ್‌ನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ನಿಮ್ಮ ಟ್ಯೂನ್ ಅಳಿಸಿಯೂ ಹೋಗುತ್ತದೆ. ಇನ್ಶೂರೆನ್ಸಿನವರಿಗೆ ಹೇಳದೆ ಬದಲಾಯಿಸಿದ್ದು ಅಪಘಾತದ ನಂತರ ಹೊರಬಂದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಕಾರಣ ಸಿಕ್ಕ ಹಾಗೆ.

## ಸ್ವಲ್ಪ ಆಳಕ್ಕೆ

ಲಾಗ್ ಕಳಿಸಿ ಅಂತಾರೆ. ಅದ್ರಲ್ಲಿ ನಾನು ಏನು ನೋಡ್ಬೇಕು?

ಇದನ್ನು ಕಲಿತರೆ ಅರ್ಧ ಟ್ಯೂನಿಂಗ್ ಅರ್ಥವಾದ ಹಾಗೆ. ಮೂರನೇ ಗೇರಿನಲ್ಲಿ ಸುಮಾರು 2,000 ಆರ್‌ಪಿಎಂನಿಂದ ಪೂರ್ತಿ ಒತ್ತಿ, ಮೇಲಿನವರೆಗೂ ಬಿಟ್ಟ ಒಂದು ಓಟ ಸಾಕು. ಜಾಗ ಮಾತ್ರ ಡೈನೋ ಅಥವಾ ಟ್ರ್ಯಾಕ್. ಪೆಟ್ರೋಲ್ ಟರ್ಬೊ ಕಾರಿನ ಲಾಗಿನ ಒಂದು ಸಾಲು ಹೀಗಿದೆ ಅಂದುಕೊಳ್ಳಿ: 3,400 ಆರ್‌ಪಿಎಂ, ಇಸಿಯು ಕೇಳಿದ ಬೂಸ್ಟ್ (ಟರ್ಬೊ ಒತ್ತಡ) 1.3 ಬಾರ್, ಬಂದದ್ದು 1.1, ಒಳಗಾಳಿಯ ಬಿಸಿ 64 ಡಿಗ್ರಿ, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣ, ಅಂಕಿ ಏರಿದಷ್ಟೂ ಪೆಟ್ರೋಲ್ ಕಮ್ಮಿ) 0.92, ಮೂರನೇ ಸಿಲಿಂಡರಿನಲ್ಲಿ ಕಿಡಿ 5 ಡಿಗ್ರಿ ಹಿಂದಕ್ಕೆ.

ಬೂಸ್ಟ್ ಕೇಳಿದ್ದಕ್ಕಿಂತ ಕಮ್ಮಿ ಬಂದಿದೆ ಅಂದರೆ ಎಲ್ಲೋ ಸೋರಿಕೆ ಇರಬಹುದು, ಹೆಚ್ಚಾದ ಹೊಗೆಯನ್ನು ಟರ್ಬೊಗೆ ಕೊಡದೆ ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಸರಿಯಾಗಿ ಮುಚ್ಚದಿರಬಹುದು, ಅಥವಾ ಟರ್ಬೊ ಕೈಲಾಗದ್ದನ್ನು ಕೇಳಿದ್ದಾರೆ. 64 ಡಿಗ್ರಿ ನೋಡಿದರೆ ಇಂಟರ್‌ಕೂಲರ್ ಸೋತಿದೆ. ಪೂರ್ತಿ ಒತ್ತಿದಾಗ ಲ್ಯಾಂಬ್ಡಾ 0.80ರಿಂದ 0.85ರ ಸುತ್ತ ಇರಬೇಕಾದಲ್ಲಿ 0.92 ಬಂದಿದ್ದರೆ ಮಿಶ್ರಣ ತೆಳು, ಸಿಲಿಂಡರ್ ಬಿಸಿ. ಅದಕ್ಕೇ ನಾಕ್ ಸೆನ್ಸರ್ ಕಿಡಿಯನ್ನು 5 ಡಿಗ್ರಿ ಹಿಂದೆ ಎಳೆದಿದೆ. ಒಂದೆರಡು ಡಿಗ್ರಿ ಅಲ್ಲಲ್ಲಿ ಬಂದು ಹೋದರೆ ಪರವಾಗಿಲ್ಲ. ಒಂದೇ ಸಿಲಿಂಡರಿನಲ್ಲಿ ಪ್ರತಿ ಓಟಕ್ಕೂ ಬಂದರೆ ಪ್ಲಗ್ ಮತ್ತು ಇಂಜೆಕ್ಟರ್ ನೋಡಿಸಿ. ಎಲ್ಲದರಲ್ಲೂ ಬಂದರೆ ಟ್ಯೂನ್ ಜಾಸ್ತಿಯಾಗಿದೆ ಅಥವಾ ಪೆಟ್ರೋಲ್ ಸರಿಯಿಲ್ಲ.

ಡೀಸೆಲ್ಲಿನ ಲೆಕ್ಕ ಉಲ್ಟಾ. ಪೆಟ್ರೋಲಿನಲ್ಲಿ ಇಂಧನ ಕಮ್ಮಿಯಾದರೆ ಬಿಸಿ, ಡೀಸೆಲ್ಲಿನಲ್ಲಿ ಜಾಸ್ತಿಯಾದರೆ ಬಿಸಿ. ಕಪ್ಪು ಹೊಗೆ ಕಂಡರೆ ಪೂರ್ತಿ ಉರಿಯದ ಡೀಸೆಲ್ ಹೊರಬರುತ್ತಿದೆ ಅಂತ, ಪವರ್ ಅಲ್ಲ. ಅಲ್ಲಿ ಕೇಳಿದ ಮತ್ತು ಬಂದ ರೈಲ್ ಒತ್ತಡ, ಬೂಸ್ಟ್, ಸಾಧ್ಯವಾದರೆ ಟರ್ಬೊಗೆ ಬರುವ ಹೊಗೆಯ ಬಿಸಿ ನೋಡಿ.

ಡೈನೋ ಶೀಟಲ್ಲಿ 150 ಅಂತ ಇದೆ, ಫ್ರೆಂಡ್ ಕಾರಿಗೆ 135. ನಂದೇ ಮೇಲಾ?

ಎರಡೂ ಒಂದೇ ಯಂತ್ರ, ಒಂದೇ ದಿನ, ಒಂದೇ ಲೆಕ್ಕ ಆಗಿದ್ದರೆ ಮಾತ್ರ. ಚಕ್ರದಲ್ಲಿ ಅಳೆದದ್ದಕ್ಕೆ ಅಂದಾಜು ಶೇ. 15 ನಷ್ಟ ಸೇರಿಸಿ ಎಂಜಿನ್ ಪವರ್ ಅಂತ ಬರೆಯುತ್ತಾರೆ, ಆ ಅಂದಾಜನ್ನು ಹಿಗ್ಗಿಸುವುದು ಸುಲಭ. ನಿಮ್ಮದೇ ಕಾರಿನ ಮೊದಲಿನ ಗೆರೆ, ಆಮೇಲಿನ ಗೆರೆ ಪಕ್ಕಪಕ್ಕ ಇಟ್ಟು ನೋಡಿ. ತುದಿಯ ಅಂಕಿ ಬಿಡಿ, 1,800ರಿಂದ 3,500 ಆರ್‌ಪಿಎಂ ನಡುವೆ ಏನಾಗಿದೆ ನೋಡಿ. ಕುಪ್ಪಳ್ಳಿ ದಾರಿಯಲ್ಲಿ ನಿಮ್ಮ ಎಂಜಿನ್ ಇರುವುದು ಅಲ್ಲೇ.

ದೊಡ್ಡ ಇಂಜೆಕ್ಟರ್, ದೊಡ್ಡ ಟರ್ಬೊ ಎರಡೂ ಬಂದಿದೆ. ಮೊದಲು ಯಾವುದಕ್ಕೆ ಟ್ಯೂನ್?

ಇಂಜೆಕ್ಟರಿಗೆ. ಅದರ ಹರಿವು ಎಷ್ಟು, ಬ್ಯಾಟರಿ ವೋಲ್ಟೇಜಿಗೆ ತಕ್ಕ ಹಾಗೆ ತೆರೆಯಲು ಎಷ್ಟು ತಡ ಮಾಡುತ್ತದೆ ಅನ್ನುವ ಅಂಕಿಗಳನ್ನು ತಯಾರಕರಿಂದ ತರಿಸಿ ಹಾಕಬೇಕು. ಐಡಲ್ ಮತ್ತು ಮಾಮೂಲಿ ಓಟದಲ್ಲಿ ಟ್ರಿಮ್ ಸೊನ್ನೆಯ ಹತ್ತಿರ ಬರುವವರೆಗೂ ಬೂಸ್ಟ್ ಮುಟ್ಟಬಾರದು. ಆಮೇಲೆ ವೇಸ್ಟ್‌ಗೇಟಿನ ಸ್ಪ್ರಿಂಗ್ ತಾನಾಗಿ ಕೊಡುವ ಕನಿಷ್ಠ ಬೂಸ್ಟಿನಲ್ಲಿ ಇಂಧನ ಸರಿ ಮಾಡಿ, ಕಿಡಿಯನ್ನು ಹಿಂದೆ ಇಟ್ಟುಕೊಂಡೇ ಹಂತ ಹಂತವಾಗಿ ಏರಿಸುವುದು. ಇಂಜೆಕ್ಟರ್ ತೆರೆದಿರುವ ಕಾಲ ಶೇ. 85 ದಾಟಿದರೆ ಅಲ್ಲಿಗೇ ನಿಲ್ಲಿಸಿ. ಪ್ಲಗ್ ಒಂದು ದರ್ಜೆ ತಣ್ಣನೆಯದು, ಗ್ಯಾಪ್ ಸ್ವಲ್ಪ ಕಿರಿದು. ಬೇರೆಯವರ ಕಾರಿನ ಫೈಲ್ ತಂದು ಇದಕ್ಕೆ ಹಾಕುವವರ ಕೈಗೆ ಇಂಥ ಕಾರು ಕೊಡಲೇಬೇಡಿ.

1,500 ಆರ್‌ಪಿಎಂನಲ್ಲೇ ಫುಲ್ ಟಾರ್ಕ್ ಬೇಕು, ಘಾಟಿಲಿ ಗೇರ್ ಹಾಕೋಕೆ ಬೇಜಾರು. ಹಾಗೆ ಮಾಡ್ಕೊಡ್ತಾರಾ?

ಮಾಡಿಕೊಡುತ್ತಾರೆ, ಮಾಡಿಸಿಕೊಳ್ಳಬೇಡಿ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನಿನಲ್ಲಿ, ಅದರಲ್ಲೂ ನೇರ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮುವಂಥದ್ದರಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಅತಿ ಭಾರ ಬಿದ್ದಾಗ ಸಿಲಿಂಡರಿನೊಳಗಿನ ಮಿಶ್ರಣ ಕಿಡಿಗೆ ಮೊದಲೇ ತಾನಾಗಿ ಹೊತ್ತಿಕೊಳ್ಳಬಹುದು. ಇದು ಮಾಮೂಲಿ ನಾಕಿಂಗ್ ಅಲ್ಲ. ಕಿಡಿಯನ್ನು ಹಿಂದೆ ತಳ್ಳಿ ತಡೆಯಲು ಆಗುವುದಿಲ್ಲ, ಯಾಕೆಂದರೆ ಕಿಡಿ ಇನ್ನೂ ಬಂದೇ ಇಲ್ಲ. ಒಂದೇ ಏಟಿಗೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆದ ಎಂಜಿನ್ನುಗಳಿವೆ. ಕಂಪನಿಯವರು ಕೆಳಗಡೆ ಟಾರ್ಕ್ ಹಿಡಿದಿಡುವುದಕ್ಕೆ ಇದೂ ಒಂದು ಕಾರಣ. ಟಾರ್ಕ್ 2,000ದ ಆಚೆಗೆ ಮೆಲ್ಲಗೆ ಏರುವ ಹಾಗೆ ಮಾಡಿಸಿ. ಇದನ್ನೂ ತಡೆಯುವ ಹಾಗೆ ಬಂದಿರುವ ಎಪಿಐ ಎಸ್‌ಪಿ ದರ್ಜೆಯ ಆಯಿಲ್ ನಿಮ್ಮ ಕಾರಿನ ಪುಸ್ತಕ ಒಪ್ಪಿದರೆ ಅದನ್ನೇ ಹಾಕಿಸಿ. ಹೇರ್‌ಪಿನ್ ತಿರುವಿನಲ್ಲಿ ಮೂರನೇ ಗೇರಿನಲ್ಲೇ ಗುರ್ ಗುರ್ ಅನ್ನಿಸುತ್ತಾ ಎಳೆಸುವ ಬದಲು ಎರಡಕ್ಕೆ ಇಳಿಸಿ.